ಬಿಳಿ ಸೇಜ್ ಸೊಪ್ಪಿನ ಹೊಗೆ: ನಿಷೇಧಿತ ಆಚರಣೆಯಿಂದ ಅಂಗಡಿಯ ಸರಕಿನವರೆಗೆ

ಬೂದುಬಿಳುಪಿನ ಎಲೆಗಳನ್ನು ಹತ್ತಿಯ ದಾರದಿಂದ ಬಿಗಿದು ಕಟ್ಟಿದ ಗೇಣುದ್ದದ ಸೊಪ್ಪಿನ ಕಟ್ಟು ಇಂದು ಜಗತ್ತಿನ ಅನೇಕ ನಗರಗಳ ಯೋಗಕೇಂದ್ರಗಳಲ್ಲಿ, ಹರಳು-ಮಣಿಗಳ ಅಂಗಡಿಗಳಲ್ಲಿ ಕಾಣಸಿಗುತ್ತದೆ. ಅದರ ತುದಿಗೆ ಬೆಂಕಿ ತಗುಲಿಸಿ, ಜ್ವಾಲೆಯನ್ನು ಆರಿಸಿ, ಏಳುವ ದಟ್ಟ ಹೊಗೆಯನ್ನು ಮನೆಯ ಮೂಲೆಮೂಲೆಗೆ ಹಿಡಿದರೆ ‘ನಕಾರಾತ್ಮಕ ಶಕ್ತಿ’ ತೊಲಗುತ್ತದೆ ಎಂಬುದು ಮಾರಾಟಗಾರರ ಭರವಸೆ. ‘ಸ್ಮಡ್ಜ್ ಸ್ಟಿಕ್’ ಎಂಬ ಹೆಸರಿನ ಈ ಸರಕು ಭಾರತದ ಆನ್‌ಲೈನ್ ಮಾರುಕಟ್ಟೆಗೂ ಬಂದಿದೆ. ಸಾಂಬ್ರಾಣಿ, ಲೋಬಾನ, ಗುಗ್ಗುಳಗಳ ಹೊಗೆಯನ್ನು ತಲೆಮಾರುಗಳಿಂದ ಬಲ್ಲ ಕನ್ನಡಿಗರಿಗೆ ಹೊಗೆಯಿಂದ ಶುದ್ಧಿ ಎಂಬ ಕಲ್ಪನೆ ಹೊಸತಲ್ಲ. ಆದರೆ ಈ ಕಟ್ಟಿನ ಹಿಂದೆ ಒಂದು ಜನಾಂಗದ ಶತಮಾನದ ಸಂಕಟವಿದೆ. ಒಂದು ಗಿಡದ ಅಳಿವು-ಉಳಿವಿನ ಪ್ರಶ್ನೆಯೂ ಇದೆ.

‘ಸ್ಮಡ್ಜ್’ ಎಂಬುದು ಉತ್ತರ ಅಮೆರಿಕದ ಮೂಲನಿವಾಸಿಗಳ ಯಾವ ಭಾಷೆಯ ಪದವೂ ಅಲ್ಲ. ಸೊಳ್ಳೆ, ನೊಣಗಳನ್ನು ಓಡಿಸಲು ಹಾಕುವ ಹೊಗೆಬೆಂಕಿಗೆ ಇಂಗ್ಲಿಷಿನಲ್ಲಿ ಇದ್ದ ಹೆಸರು ಅದು. ಮೂಲನಿವಾಸಿ ಜನಾಂಗಗಳು ನೂರಾರು. ಅವುಗಳ ಭಾಷೆ, ಆಚರಣೆ, ಬಳಸುವ ಸಸ್ಯ ಎಲ್ಲವೂ ಬೇರೆಬೇರೆ. ಕೆಲವು ಜನಾಂಗಗಳಲ್ಲಿ ಸೊಪ್ಪು ಸುಡುವ ಪದ್ಧತಿಯೇ ಇಲ್ಲ. ಆದ್ದರಿಂದ ‘ಅಮೆರಿಕನ್ ಇಂಡಿಯನ್ನರ ಪುರಾತನ ಸ್ಮಡ್ಜಿಂಗ್ ವಿಧಿ’ ಎಂದು ಪೊಟ್ಟಣದ ಮೇಲೆ ಅಚ್ಚಾಗಿರುವುದು, ‘ಭಾರತೀಯರ ಪೂಜೆ’ ಎಂದು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಎಲ್ಲ ಆಚರಣೆಗಳನ್ನೂ ಒಂದೇ ಚೀಲಕ್ಕೆ ತುಂಬಿದಂತೆ.

ನಾಲ್ಕು ಮದ್ದುಗಳು

ಅಮೆರಿಕ-ಕೆನಡಾ ಗಡಿಯ ಮಹಾಸರೋವರಗಳ ಸುತ್ತ ನೆಲೆಸಿರುವ ಅನಿಶಿನಾಬೆ ಜನರು ನಾಲ್ಕು ಸಸ್ಯಗಳನ್ನು ಪವಿತ್ರ ಮದ್ದುಗಳೆಂದು ಪರಿಗಣಿಸುತ್ತಾರೆ: ತಂಬಾಕು, ಸೀಡರ್, ಸೇಜ್ ಮತ್ತು ಸ್ವೀಟ್‌ಗ್ರಾಸ್ ಎಂಬ ಸುವಾಸನೆಯ ಹುಲ್ಲು. ಈ ಹುಲ್ಲನ್ನು ಕೂದಲಿನಂತೆ ಜಡೆ ಹೆಣೆದು ಒಣಗಿಸುವುದು ರೂಢಿ. ಕೂಮರಿನ್ ಎಂಬ ರಾಸಾಯನಿಕದಿಂದಾಗಿ ಅದಕ್ಕೆ ವೆನಿಲಾವನ್ನು ಹೋಲುವ ಪರಿಮಳವಿದೆ. ಇಲ್ಲಿ ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಒಳನಾಡಿನ ಬಯಲುಸೀಮೆಯ ಜನಾಂಗಗಳು ಸೇಜ್ ಎಂದು ಬಳಸುವುದು ಬಹುತೇಕ ಆರ್ಟೆಮಿಸಿಯಾ ಕುಲದ ಗಿಡ. ನಮ್ಮ ದವನ, ಮಾಚಿಪತ್ರೆಗಳು ಸೇರಿರುವುದೂ ಇದೇ ಕುಲಕ್ಕೆ. ಅಂಗಡಿಗಳಲ್ಲಿ ಕಟ್ಟುಕಟ್ಟಾಗಿ ಮಾರುವ ಬಿಳಿ ಸೇಜ್ ಮಾತ್ರ ಬೇರೆಯೇ ಗಿಡ. ಸಾಲ್ವಿಯಾ ಅಪಿಯಾನಾ ಎಂಬುದು ಅದರ ಶಾಸ್ತ್ರೀಯ ನಾಮ. ತುಳಸಿ, ಪುದೀನ, ಕಾಮಕಸ್ತೂರಿಗಳ ಕುಟುಂಬಕ್ಕೆ ಸೇರಿದ್ದು.

ಆಚರಣೆಯ ಕ್ರಮ ಸರಳ. ಮಣ್ಣಿನ ಬಟ್ಟಲಲ್ಲೋ ಚಿಪ್ಪಿನಲ್ಲೋ ಒಣಗಿದ ಎಲೆಗಳನ್ನಿಟ್ಟು ಹೊತ್ತಿಸುತ್ತಾರೆ. ಉರಿಯನ್ನು ಬಾಯಿಂದ ಊದದೆ ಕೈಯಿಂದಲೋ ಹಕ್ಕಿಯ ಗರಿಯಿಂದಲೋ ಬೀಸಿ ಆರಿಸುವುದು ಅನೇಕ ಕಡೆ ಕಟ್ಟುನಿಟ್ಟಿನ ನಿಯಮ. ಬಳಿಕ ಒಬ್ಬೊಬ್ಬರಾಗಿ ಹೊಗೆಯನ್ನು ಬೊಗಸೆಯಲ್ಲಿ ತುಂಬಿಕೊಂಡವರಂತೆ ತಲೆ, ಕಣ್ಣು, ಕಿವಿ, ಬಾಯಿ, ಎದೆಯತ್ತ ಸೆಳೆದುಕೊಳ್ಳುತ್ತಾರೆ. ಒಳ್ಳೆಯದನ್ನು ಕಾಣಲಿ, ಒಳ್ಳೆಯದನ್ನು ಕೇಳಲಿ, ಒಳ್ಳೆಯ ಮಾತಾಡಲಿ ಎಂಬುದು ಅದರ ಭಾವ. ಮಂಗಳಾರತಿ ತಟ್ಟೆಯ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಳ್ಳುವ ನಮ್ಮ ರೂಢಿಯನ್ನು ಬಲ್ಲವರಿಗೆ ಈ ಚಲನೆ ತೀರ ಪರಿಚಿತವೆನಿಸೀತು. ಉಳಿದ ಬೂದಿಯನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ, ಅದು ಮಣ್ಣಿಗೇ ಮರಳಬೇಕು. ಸಭೆ, ಪ್ರಾರ್ಥನೆ, ಅಂತ್ಯಸಂಸ್ಕಾರ, ಹೀಗೆ ಎಲ್ಲಕ್ಕೂ ಮೊದಲು ಇದು ನಡೆಯುತ್ತದೆ. ಮನೆಯಿಂದ ಭೂತ ಓಡಿಸುವುದಕ್ಕಿಂತ, ಸೇರಿದವರ ಮನಸ್ಸನ್ನು ಒಂದೆಡೆ ತರುವುದೇ ಇಲ್ಲಿ ಮುಖ್ಯ.

ಕಾನೂನಿನ ಕಣ್ಣಲ್ಲಿ ಅಪರಾಧ

1883ರಲ್ಲಿ ಅಮೆರಿಕದ ಒಳಾಡಳಿತ ಇಲಾಖೆ ‘ಇಂಡಿಯನ್ ಅಪರಾಧಗಳ ಸಂಹಿತೆ’ ಎಂಬ ನಿಯಮಾವಳಿಯನ್ನು ಜಾರಿಗೆ ತಂದಿತು. ಆಗ ಆ ಇಲಾಖೆಯ ಮುಖ್ಯಸ್ಥರಾಗಿದ್ದವರು ಹೆನ್ರಿ ಟೆಲ್ಲರ್. ಸೂರ್ಯನೃತ್ಯದಂತಹ ಸಾಮೂಹಿಕ ಆಚರಣೆಗಳನ್ನೂ ಸಾಂಪ್ರದಾಯಿಕ ವೈದ್ಯ-ಪುರೋಹಿತರ ಕಾರ್ಯಗಳನ್ನೂ ಅದು ಶಿಕ್ಷಾರ್ಹ ಅಪರಾಧಗಳನ್ನಾಗಿಸಿತು. ತಪ್ಪಿತಸ್ಥರಿಗೆ ಪಡಿತರ ಕಡಿತ, ಸೆರೆವಾಸ. ಬೇಟೆಯ ನೆಲ ಕಳೆದುಕೊಂಡು ಮೀಸಲು ಪ್ರದೇಶಗಳಲ್ಲಿ ಸರ್ಕಾರದ ಪಡಿತರವನ್ನೇ ನಂಬಿ ಬದುಕುತ್ತಿದ್ದವರಿಗೆ ಮೊದಲನೆಯ ಶಿಕ್ಷೆಯೇ ಹೆಚ್ಚು ಕ್ರೂರವಾಗಿತ್ತು. ಕೆನಡಾದಲ್ಲಿ ಪಾಟ್‌ಲ್ಯಾಚ್ ಎಂಬ ದಾನೋತ್ಸವದ ಮೇಲಿನ ನಿಷೇಧ 1885ರಿಂದ ಜಾರಿಯಲ್ಲಿತ್ತು. 1895ರ ತಿದ್ದುಪಡಿ ಇನ್ನಷ್ಟು ಆಚರಣೆಗಳನ್ನು ಅದರ ವ್ಯಾಪ್ತಿಗೆ ಎಳೆಯಿತು. ಮಕ್ಕಳನ್ನು ವಸತಿ ಶಾಲೆಗಳಿಗೆ ಒಯ್ದು, ತಾಯ್ನುಡಿ ಆಡಿದರೆ ದಂಡಿಸಿದ ಕಾಲವೂ ಇದೇ. ಹಿರಿಯರು ಕದ್ದುಮುಚ್ಚಿ, ಒಳಕೋಣೆಗಳಲ್ಲಿ, ಕಾಡಿನ ಮರೆಯಲ್ಲಿ ವಿಧಿಗಳನ್ನು ಉಳಿಸಿಕೊಂಡರು. ಹೊಗೆಯನ್ನು ಬಚ್ಚಿಡುವುದು ಸುಲಭದ ಮಾತಲ್ಲ.

ಅಮೆರಿಕದಲ್ಲಿ ಆಚರಣೆಗಳ ಮೇಲಿನ ನಿರ್ಬಂಧ ಸಡಿಲಗೊಂಡದ್ದು 1934ರಲ್ಲಿ, ಜಾನ್ ಕೋಲಿಯರ್ ಇಂಡಿಯನ್ ವ್ಯವಹಾರಗಳ ಆಯುಕ್ತರಾಗಿದ್ದಾಗ. ಕೆನಡಾದ ನಿಷೇಧ 1951ರಲ್ಲಿ ಕಾನೂನಿನಿಂದ ಮರೆಯಾಯಿತು. ಅಧ್ಯಕ್ಷ ಜಿಮ್ಮಿ ಕಾರ್ಟರ್ ‘ಅಮೆರಿಕನ್ ಇಂಡಿಯನ್ ಧಾರ್ಮಿಕ ಸ್ವಾತಂತ್ರ್ಯ ಕಾಯಿದೆ’ಗೆ ಸಹಿ ಹಾಕಿದ್ದು 1978ರ ಆಗಸ್ಟ್‌ನಲ್ಲಿ. ಧರ್ಮಸ್ವಾತಂತ್ರ್ಯವನ್ನು ಸಂವಿಧಾನದ ಮೊದಲ ತಿದ್ದುಪಡಿಯಲ್ಲೇ ಸಾರಿದ ದೇಶಕ್ಕೆ, ಆ ಮಾತು ನೆಲದ ಮೂಲ ಮಕ್ಕಳಿಗೂ ಅನ್ವಯಿಸುತ್ತದೆ ಎಂದು ಬೇರೆಯಾಗಿ ಬರೆದು ಹೇಳಲು 187 ವರ್ಷ ಬೇಕಾಯಿತು.

ವಿವಾದ ಅಲ್ಲಿಗೂ ಮುಗಿಯಲಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಪೋರ್ಟ್ ಆಲ್ಬರ್ನಿ ಪಟ್ಟಣದ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ 2015ರಲ್ಲಿ ನೂ-ಚಾ-ನೂಲ್ತ್ ಜನಾಂಗದ ಹಿರಿಯರೊಬ್ಬರು ಸೇಜ್ ಹೊಗೆಯ ವಿಧಿಯನ್ನು ಮಕ್ಕಳಿಗೆ ಪ್ರದರ್ಶಿಸಿದರು. ಇದು ತಮ್ಮ ಮಕ್ಕಳ ಧರ್ಮಸ್ವಾತಂತ್ರ್ಯಕ್ಕೆ ಭಂಗ ಎಂದು ಪೋಷಕರೊಬ್ಬರು ನ್ಯಾಯಾಲಯದ ಮೆಟ್ಟಿಲೇರಿದರು. ಮಕ್ಕಳು ಸಂಸ್ಕೃತಿಯೊಂದನ್ನು ಕಂಡು ತಿಳಿದರೇ ಹೊರತು ಯಾವ ಧರ್ಮಾಚರಣೆಗೂ ಒತ್ತಾಯಕ್ಕೊಳಗಾಗಲಿಲ್ಲ ಎಂದು ಪ್ರಾಂತದ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ತೀರ್ಪಿತ್ತಿತು. ಮೇಲ್ಮನವಿಯೂ 2022ರಲ್ಲಿ ವಜಾ ಆಯಿತು. ಮೂಲನಿವಾಸಿ ಮಕ್ಕಳ ವಸತಿ ಶಾಲೆಯೊಂದು 1973ರವರೆಗೂ ನಡೆದದ್ದು ಇದೇ ಊರಿನಲ್ಲಿ ಎಂಬುದನ್ನು ನೆನೆದರೆ ಈ ಮೊಕದ್ದಮೆಯ ತೂಕ ಅರಿವಾಗುತ್ತದೆ.

ಗುಡ್ಡದ ಗಿಡ, ಗೋಣಿಯ ಸೊಪ್ಪು

ಬಿಳಿ ಸೇಜ್ ಬೆಳೆಯುವ ಸೀಮೆ ಬಹಳ ಚಿಕ್ಕದು. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಅದಕ್ಕೆ ಹೊಂದಿಕೊಂಡ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ವಾಯವ್ಯ ಭಾಗ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಅದು ಕಾಡುಗಿಡವಾಗಿ ಬೆಳೆಯುವುದಿಲ್ಲ. ಮಳೆ ಕಡಿಮೆಯಿರುವ ಒಣ ಇಳಿಜಾರುಗಳಲ್ಲಿ ಮೂರರಿಂದ ಐದು ಅಡಿ ಎತ್ತರದ ಪೊದೆ. ಎಲೆಯ ಮೇಲಿನ ನವಿರು ರೋಮಗಳೇ ಅದಕ್ಕೆ ಬಿಳುಪು ಕೊಡುವುದು. ಬಿಸಿಲನ್ನು ಪ್ರತಿಫಲಿಸಿ ನೀರುಳಿಸಿಕೊಳ್ಳುವ ಉಪಾಯ ಅದು. ‘ಅಪಿಯಾನಾ’ ಎಂದರೆ ಜೇನ್ನೊಣಗಳಿಗೆ ಸಂಬಂಧಿಸಿದ್ದು ಎಂದರ್ಥ. ಕ್ಯಾಲಿಫೋರ್ನಿಯಾದ ಸಸ್ಯವಿಜ್ಞಾನಿ ವಿಲ್ಲಿಸ್ ಲಿನ್ ಜೆಪ್ಸನ್ ಇಟ್ಟ ಹೆಸರು. ಕಂಬಳಿದುಂಬಿ, ಬಡಗಿದುಂಬಿಗಳಂತಹ ದೊಡ್ಡ ದುಂಬಿಗಳಿಗೂ ಈ ಹೂವೇ ಆಸರೆ.

ಚುಮಾಶ್, ಟೊಂಗ್ವಾ, ಕಹ್ವಿಯಾ, ಕುಮಿಯಾಯ್ ಮೊದಲಾದ ಸ್ಥಳೀಯ ಜನಾಂಗಗಳಿಗೆ ಇದು ಕೇವಲ ಧೂಪದ ಸೊಪ್ಪಲ್ಲ. ಬೀಜವನ್ನು ಹುರಿದು ಹಿಟ್ಟು ಮಾಡಿ ಉಣ್ಣುತ್ತಿದ್ದರು. ಎಲೆ ನೆಗಡಿಗೆ ಮದ್ದು. ಗಮನಿಸಬೇಕಾದ ಸಂಗತಿಯೆಂದರೆ, ಗಿಡದ ತವರಿನ ಹಿರಿಯರಲ್ಲಿ ಅನೇಕರು ಕಟ್ಟು ಕಟ್ಟಿ ಸುಡುವುದನ್ನೇ ಒಪ್ಪುವುದಿಲ್ಲ. ವಿಧಿಗೆ ಒಂದೆರಡು ಎಲೆ ಸಾಕು, ಗಿಡದ ಅನುಮತಿ ಕೇಳಿ ಕೀಳಬೇಕು, ಕೊಡಬಹುದೇ ಹೊರತು ಮಾರಬಾರದು ಎಂಬುದು ಅವರ ನಿಲುವು. ಮುಷ್ಟಿಗಾತ್ರದ ಕಟ್ಟು ಮಾರುಕಟ್ಟೆಯ ಅನುಕೂಲಕ್ಕೆ ಹುಟ್ಟಿದ ರೂಪ ಎನ್ನುತ್ತಾರೆ ಅವರು.

1960ರ ದಶಕದ ನಂತರ ‘ನವಯುಗ’ ಚಳವಳಿಯ ಬೆನ್ನೇರಿ ಈ ಸೊಪ್ಪು ಹೊರಜಗತ್ತಿಗೆ ಹರಡಿತು. ತಮ್ಮ ಆಧ್ಯಾತ್ಮಿಕ ವಿಧಿಗಳನ್ನು ಹಣಕ್ಕೆ ಮಾರುವವರ ವಿರುದ್ಧ ಲಕೋಟಾ ಜನರು 1993ರಲ್ಲಿ ‘ಯುದ್ಧ ಘೋಷಣೆ’ ಎಂಬ ಹೆಸರಿನಲ್ಲೇ ನಿರ್ಣಯ ಹೊರಡಿಸಿದರು. ವ್ಯಾಪಾರ ನಿಲ್ಲಲಿಲ್ಲ. 2018ರಲ್ಲಿ ಸೌಂದರ್ಯವರ್ಧಕಗಳ ಮಾರಾಟ ಸಂಸ್ಥೆ ಸೆಫೋರಾದ ಮಳಿಗೆಗಳಿಗೆಂದು ಬಿಳಿ ಸೇಜ್, ಟ್ಯಾರೋ ಎಲೆಗಳು, ಸುಗಂಧದ್ರವ್ಯ ಸೇರಿದ ‘ಮಾಟಗಾತಿಯರ ಆರಂಭಿಕ ಪೆಟ್ಟಿಗೆ’ಯೊಂದು 42 ಡಾಲರ್ ಬೆಲೆಯಲ್ಲಿ ಸಿದ್ಧವಾಗಿತ್ತು. ಮೂಲನಿವಾಸಿಗಳಿಂದಲೂ, ತಮ್ಮನ್ನು ಮಾಟಗಾತಿಯರೆಂದೇ ಕರೆದುಕೊಳ್ಳುವವರಿಂದಲೂ ಏಕಕಾಲಕ್ಕೆ ಟೀಕೆ ಬಂದು ತಯಾರಕರು ಅದನ್ನು ಕೈಬಿಟ್ಟರು.

ಅದೇ 2018ರಲ್ಲಿ ಲಾಸ್ ಏಂಜಲೀಸ್‌ನ ಪೂರ್ವಕ್ಕಿರುವ ನಾರ್ತ್ ಎಟಿವಾಂಡಾ ಸಂರಕ್ಷಿತ ಪ್ರದೇಶದಲ್ಲಿ ನಾಲ್ವರು ಸೆರೆಸಿಕ್ಕರು. ಅವರ ಬಳಿ ಇದ್ದದ್ದು ಸುಮಾರು 400 ಪೌಂಡ್, ಅಂದರೆ 180 ಕಿಲೋಗ್ರಾಂ ಬಿಳಿ ಸೇಜ್. ಬೆಟ್ಟದ ತಪ್ಪಲಿನ ಸುಮಾರು 1,200 ಎಕರೆಯ ಆ ಜಾಗದಲ್ಲಿ ಕಳ್ಳತನ ಅಪರೂಪದ ಘಟನೆಯೇನಲ್ಲ. ಗೋಣಿಚೀಲಗಳಲ್ಲಿ ತುಂಬಿ ಸಾಗಿಸುವ ಸೊಪ್ಪು ಕೈಯಿಂದ ಕೈಗೆ ದಾಟಿ, ‘ಕಾಡಿನಿಂದ ಸಂಗ್ರಹಿಸಿದ್ದು’ ಎಂಬ ಚೀಟಿ ಅಂಟಿಸಿಕೊಂಡು ಅಂಗಡಿ ತಲಪುತ್ತದೆ. ಕೊಳ್ಳುವವರಿಗೆ ಆ ಮಾತು ಶುದ್ಧತೆಯ ಮುದ್ರೆಯಂತೆ ಕಂಡರೆ, ಕ್ಯಾಲಿಫೋರ್ನಿಯಾದ ಸಸ್ಯಪ್ರಿಯರಿಗೆ ಅದೇ ಎಚ್ಚರಿಕೆಯ ಗಂಟೆ. ಕ್ಯಾಲಿಫೋರ್ನಿಯಾ ನೇಟಿವ್ ಪ್ಲಾಂಟ್ ಸೊಸೈಟಿ ಈ ಬಗ್ಗೆ 2022ರಲ್ಲಿ ‘ಸೇಜಿಂಗ್ ದಿ ವರ್ಲ್ಡ್’ ಎಂಬ ಸಾಕ್ಷ್ಯಚಿತ್ರವನ್ನು ಹೊರತಂದಿತು.

ಕೀಳುವ ವಿಧಾನವೂ ಮುಖ್ಯ. ಎಳೆಯ ತುದಿಗಳನ್ನಷ್ಟೇ ಕತ್ತರಿಸಿದರೆ ಗಿಡ ಮತ್ತೆ ಚಿಗುರುತ್ತದೆ. ಕಳ್ಳರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಬುಡಕ್ಕೇ ಕತ್ತಿ ಬೀಳುತ್ತದೆ. ಕೆಲವೊಮ್ಮೆ ಬೇರೂ ಕಿತ್ತುಬರುತ್ತದೆ. ಇದರ ಜತೆಗೆ ವಸತಿ ಬಡಾವಣೆಗಳ ವಿಸ್ತರಣೆ, ಮೇಲಿಂದಮೇಲೆ ಬೀಳುವ ಕಾಳ್ಗಿಚ್ಚು, ಬರ. ಕರಾವಳಿಯ ಪೊದೆಗಾಡಿನ ದೊಡ್ಡ ಪಾಲು ಈಗಾಗಲೇ ಮನೆ-ರಸ್ತೆಗಳಡಿ ಮರೆಯಾಗಿದೆ. ಹೀಗಿದ್ದೂ ಬಿಳಿ ಸೇಜ್ ಅಮೆರಿಕದ ಒಕ್ಕೂಟ ಸರ್ಕಾರದ ಅಪಾಯದಂಚಿನ ಪ್ರಭೇದಗಳ ಪಟ್ಟಿಯಲ್ಲಿಲ್ಲ. ಸಾರ್ವಜನಿಕ ಅಥವಾ ಪರರ ನೆಲದಿಂದ ಲಿಖಿತ ಅನುಮತಿಯಿಲ್ಲದೆ ಗಿಡ ಕೀಳಬಾರದೆಂಬ ಕ್ಯಾಲಿಫೋರ್ನಿಯಾದ ಸಾಮಾನ್ಯ ದಂಡಸಂಹಿತೆಯೇ ಅದಕ್ಕಿರುವ ಮುಖ್ಯ ರಕ್ಷಣೆ.

ಶೇ. 94ರ ಕಥೆ

ಸೇಜ್ ಹೊಗೆ ಗಾಳಿಯಲ್ಲಿನ ಶೇ. 94ರಷ್ಟು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂಬ ವಾಕ್ಯ ಇಂಟರ್‌ನೆಟ್ಟಿನ ಮಾರಾಟ ಪುಟಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದರ ಮೂಲ ಹುಡುಕಿ ಹೊರಟರೆ ತಲಪುವುದು ಲಖನೌಗೆ! ಅಲ್ಲಿನ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆಯ ಚಂದ್ರಶೇಖರ್ ನೌಟಿಯಾಲ್ ಮತ್ತು ಸಂಗಡಿಗರು 2007ರಲ್ಲಿ ‘ಜರ್ನಲ್ ಆಫ್ ಎಥ್ನೋಫಾರ್ಮಕಾಲಜಿ’ಯಲ್ಲಿ ಪ್ರಕಟಿಸಿದ ಅಧ್ಯಯನವದು. ಅವರು ಸುಟ್ಟದ್ದು ಕಟ್ಟಿಗೆಯೊಡನೆ ಹವನ ಸಾಮಗ್ರಿಯನ್ನು. ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆಯ ಹೊಗೆಯಿಂದ ಗಾಳಿಯ ಬ್ಯಾಕ್ಟೀರಿಯಾ ಸಂಖ್ಯೆ ಶೇ. 94ಕ್ಕೂ ಹೆಚ್ಚು ಕುಸಿಯಿತೆಂದು ಅವರು ವರದಿ ಮಾಡಿದರು. ಕ್ಯಾಲಿಫೋರ್ನಿಯಾದ ಬಿಳಿ ಸೇಜ್‌ಗೂ ಆ ಪ್ರಯೋಗಕ್ಕೂ ಸಂಬಂಧವಿಲ್ಲ. ನಮ್ಮ ಹೋಮಕುಂಡದ ಲೆಕ್ಕ ಪರದೇಶದ ಸೊಪ್ಪಿನ ಜಾಹೀರಾತಾಗಿ ಭಾರತಕ್ಕೇ ವಾಪಸು ಬಂದದ್ದು ಈ ವ್ಯಾಪಾರದ ತಮಾಷೆಗಳಲ್ಲೊಂದು.

ಬಿಳಿ ಸೇಜ್ ಎಲೆಯ ತೈಲದಲ್ಲಿ ಸಿನಿಯೋಲ್ ಹೇರಳವಾಗಿದೆ ಎಂಬುದು ನಿಜ. ನೀಲಗಿರಿ ಎಣ್ಣೆಯ ಘಾಟಿಗೂ ಅದೇ ಕಾರಣ. ಆದರೆ ಎಣ್ಣೆಯ ಗುಣ ಬೇರೆ, ಹೊಗೆಯ ಗುಣ ಬೇರೆ. ಯಾವುದೇ ಸೊಪ್ಪು-ಸೌದೆ ಸುಟ್ಟಾಗ ಏಳುವ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ಉಬ್ಬಸವಿರುವವರು, ಎಳೆಯ ಮಕ್ಕಳು, ಗರ್ಭಿಣಿಯರು ಇರುವ ಮನೆಯಲ್ಲಿ ಕಿಟಕಿ ಮುಚ್ಚಿ ಹೊಗೆ ಹಾಕುವುದು ಹಿತವಲ್ಲ. ಈ ಮಾತು ಅಗರಬತ್ತಿಗೂ ಸಾಂಬ್ರಾಣಿಗೂ ಅಷ್ಟೇ ಸಲ್ಲುತ್ತದೆ.

ಗಿಡದ ವಿಷಯದಲ್ಲೂ ನಮ್ಮದು ದೂರದ ಕಥೆಯಲ್ಲ. ರಾಜಸ್ಥಾನ, ಗುಜರಾತಿನ ಒಣಭೂಮಿಯಲ್ಲಿ ಬೆಳೆಯುವ ಗುಗ್ಗುಳದ ಗಿಡವನ್ನು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2015ರಲ್ಲಿ ‘ತೀವ್ರ ಅಪಾಯದಂಚಿನ’ ವರ್ಗಕ್ಕೆ ಸೇರಿಸಿತು. ಹೆಚ್ಚು ಅಂಟು ಬರಲೆಂದು ಕಾಂಡಕ್ಕೆ ಆಳವಾದ ಗಾಯ ಮಾಡಿ ರಾಸಾಯನಿಕ ಲೇಪಿಸುತ್ತಾರೆ. ಅಂಟು ಇಳಿದ ಮೇಲೆ ಗಿಡ ಸಾಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಬಿಳಿ ಸೇಜ್‌ನ ಸಸಿಗಳನ್ನು ಈಗ ನರ್ಸರಿಗಳು ಮಾರುತ್ತವೆ. ಬಿಸಿಲು ಮತ್ತು ನೀರು ನಿಲ್ಲದ ಮಣ್ಣು ಇದ್ದರೆ ಕುಂಡದಲ್ಲೂ ಬೆಳೆಯುತ್ತದೆ. ಬೇಕೇಬೇಕೆನ್ನುವವರು ಬೆಳೆಸಿಯೇ ಬಳಸಲಿ ಎಂದು ಸಂರಕ್ಷಕರು ಹೇಳುತ್ತಾರೆ. ಸ್ಥಳೀಯ ಮೂಲನಿವಾಸಿಗಳಲ್ಲಿ ಕೆಲವರಿಗೆ ಅದೂ ಒಪ್ಪಿಗೆಯಿಲ್ಲ. ನಿಮ್ಮ ಅಜ್ಜಿ ಯಾವ ಸೊಪ್ಪು ಸುಡುತ್ತಿದ್ದಳೋ ಅದನ್ನು ಹುಡುಕಿಕೊಳ್ಳಿ ಎನ್ನುತ್ತಾರೆ ಅವರು.