ಕುಡುಕನಿಂದ ಅಂಗಡಿಯತ್ತ: ಮದ್ಯದ ಅಧ್ಯಯನ ಸಾಗಿ ಬಂದ ಹಾದಿ

ಮದ್ಯದ ಮಾತು ಬಂದರೆ ನಮ್ಮಲ್ಲಿ ಅದು ಬೇಗನೆ ಕುಡುಕನ ಮೇಲೆ ಹೋಗಿ ನಿಲ್ಲುತ್ತದೆ. ಅವನ ಚಟ, ಅವನ ಮನೆಯವರ ಪಾಡು, ಅವನಿಗೆ ಕುಡಿತ ಬಿಡಿಸುವ ಬಗೆ ಇಷ್ಟರಲ್ಲೇ ಚರ್ಚೆ ಮುಗಿಯುತ್ತದೆ. ಇನ್ನೂರು ವರ್ಷಗಳಿಗೂ ಮಿಕ್ಕಿ ಬೆಳೆದಿರುವ ಮದ್ಯದ ಅಧ್ಯಯನ ಹೊರಟದ್ದೂ ಇಲ್ಲಿಂದಲೇ. ಆದರೆ ಅದು ಈಗ ಬಂದು ನಿಂತಿರುವ ಜಾಗ ಬೇರೆ. ಒಂದು ಸಮಾಜ ಒಟ್ಟಾರೆ ಎಷ್ಟು ಕುಡಿಯುತ್ತದೆ, ಯಾವ ಬೆಲೆಗೆ ಕುಡಿಯುತ್ತದೆ, ಮದ್ಯ ಅದರ ಕೈಗೆ ಎಷ್ಟು ಸಲೀಸಾಗಿ ಸಿಗುತ್ತದೆ ಎಂಬುದೇ ಹಾನಿಯ ಪ್ರಮಾಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂದು ಅದು ಹೇಳುತ್ತಿದೆ. ವಿಜ್ಞಾನ ಇಷ್ಟು ದೂರ ಬಂದರೂ ನಮ್ಮ ನೀತಿ ಮಾತ್ರ ಹೊರಟಲ್ಲೇ ಉಳಿದಿದೆ.

ಮೊದಲ ಘಟ್ಟ ವೈದ್ಯರದು. ಅಮೆರಿಕದ ಬೆಂಜಮಿನ್ ರಷ್ 1780ರ ದಶಕದಲ್ಲಿ, ಬ್ರಿಟನ್ನಿನ ನೌಕಾಪಡೆಯ ವೈದ್ಯ ಥಾಮಸ್ ಟ್ರಾಟರ್ 1804ರಲ್ಲಿ, ಅತಿಕುಡಿತವನ್ನು ಪಾಪವೆನ್ನುವ ಬದಲು ಕಾಯಿಲೆಯಾಗಿ ನೋಡಬೇಕೆಂದು ವಾದಿಸಿದರು. 1849ರಲ್ಲಿ ಸ್ವೀಡನ್ನಿನ ಮಾಗ್ನುಸ್ ಹುಸ್ ಅದರ ಲಕ್ಷಣಗಳನ್ನು ವಿವರವಾಗಿ ದಾಖಲಿಸಿದರು. 1935ರಲ್ಲಿ ಕುಡಿತ ಬಿಡಬಯಸುವವರ ಕೂಟ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. 1960ರಲ್ಲಿ ಇ. ಎಂ. ಜೆಲಿನೆಕ್ ರೋಗದ ಕಲ್ಪನೆಗೆ ಪುಸ್ತಕರೂಪ ಕೊಟ್ಟರು. 1976ರಲ್ಲಿ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್, ಅವಲಂಬನೆ ಎಂಬುದು ಇದೆ–ಇಲ್ಲ ಎಂಬಂಥದ್ದಲ್ಲ, ಅದಕ್ಕೂ ಏರಿಳಿತದ ಮಟ್ಟಗಳಿವೆ ಎಂದು ತೋರಿಸಿದರು. ರೋಗಿಯನ್ನು ಛೀಮಾರಿಯಿಂದ ಪಾರುಮಾಡಿ ಆಸ್ಪತ್ರೆಯ ಬಾಗಿಲು ತೆರೆದದ್ದು ಈ ಪರಂಪರೆಯ ದೊಡ್ಡ ಕೊಡುಗೆ. ಅದರ ಜೊತೆಗೇ ಒಂದು ಸುಳ್ಳು ನೆಮ್ಮದಿಯೂ ಬಂತು: ರೋಗ ಇರುವುದು ಕೆಲವರಿಗೆ, ಉಳಿದವರು ನಿಶ್ಚಿಂತೆಯಿಂದ ಕುಡಿಯಬಹುದು. ಮದ್ಯ ಮಾರುವವರಿಗೆ ಇದಕ್ಕಿಂತ ಅನುಕೂಲದ ಸಿದ್ಧಾಂತ ಬೇಕಿರಲಿಲ್ಲ.

ಆ ನೆಮ್ಮದಿಯನ್ನು ಕದಡಿದವರು ಅಂಕಿಸಂಖ್ಯೆಯ ಕಡೆಯಿಂದ ಬಂದರು. 1956ರಲ್ಲಿ ಫ್ರಾನ್ಸಿನ ಸಲ್ಲಿ ಲೆಡರ್ಮನ್, ಜನಸಮುದಾಯದ ಸರಾಸರಿ ಕುಡಿತ ಏರಿದರೆ ವಿಪರೀತ ಕುಡಿಯುವವರ ಸಂಖ್ಯೆಯೂ ಏರುತ್ತದೆ ಎಂದು ವಾದಿಸಿದರು. ಅವರ ಗಣಿತಸೂತ್ರ ಇದ್ದ ಹಾಗೇ ನಿಲ್ಲಲಿಲ್ಲ, ಆದರೆ ಸರಾಸರಿಗೂ ಹಾನಿಗೂ ಇರುವ ನಂಟು ನಿಂತಿತು. 1975ರಲ್ಲಿ ಕೆಟ್ಟಿಲ್ ಬ್ರೂನ್ ಮತ್ತು ಸಂಗಡಿಗರು ಮದ್ಯದ ಬೆಲೆ, ಲಭ್ಯತೆಗಳನ್ನು ಸಾರ್ವಜನಿಕ ಆರೋಗ್ಯದ ವಿಷಯವನ್ನಾಗಿಸಿದ್ದು ಇದೇ ನೆಲೆಯ ಮೇಲೆ. ಮದ್ಯಕ್ಕೆ ಸಂಬಂಧಿಸಿದ ರಸ್ತೆ ಅಪಘಾತ, ಹೊಡೆದಾಟಗಳಲ್ಲಿ ಚಟಕ್ಕೆ ಬೀಳದ, ಆಗೀಗ ಕುಡಿಯುವವರ ಪಾಲೂ ದೊಡ್ಡದು. ಅವರ ಸಂಖ್ಯೆಯೇ ಅಷ್ಟು ದೊಡ್ಡದಾದ್ದರಿಂದ, ಕುಡುಕರನ್ನಷ್ಟೇ ಹುಡುಕಿ ಚಿಕಿತ್ಸೆ ಕೊಟ್ಟರೆ ಹಾನಿಯ ಗಣನೀಯ ಭಾಗ ಹಾಗೆಯೇ ಉಳಿದುಬಿಡುತ್ತದೆ.

ಇದಕ್ಕೆ ಎದುರಾದ ಜನಪ್ರಿಯ ಆಕ್ಷೇಪವೆಂದರೆ ‘ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದು’ ಎಂಬುದು. 1990ರ ದಶಕದಲ್ಲಿ ಕೆಂಪು ವೈನಿನ ಹೆಸರಲ್ಲಿ ಇದು ಮನೆಮಾತಾಯಿತು. ಆದರೆ 1988ರಲ್ಲೇ ಬ್ರಿಟನ್ನಿನ ಎ. ಜಿ. ಶೇಪರ್ ಇದರ ಒಂದು ಹುಳುಕನ್ನು ಎತ್ತಿ ತೋರಿಸಿದ್ದರು: ‘ಕುಡಿಯದವರು’ ಎಂದು ಲೆಕ್ಕಕ್ಕೆ ಹಿಡಿದವರಲ್ಲಿ, ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ ಸೇರಿದ್ದರು. ಅವರ ಪಕ್ಕದಲ್ಲಿಟ್ಟು ನೋಡಿದರೆ ಮಿತವಾಗಿ ಕುಡಿಯುವವರು ಆರೋಗ್ಯವಂತರಾಗಿ ಕಾಣದೆ ಇನ್ನೇನು? 2019ರಲ್ಲಿ ಪ್ರಕಟವಾದ ಚೀನಾದ ಅಧ್ಯಯನವೊಂದು ಈ ತೊಡಕನ್ನು ಜಾಣತನದಿಂದ ದಾಟಿತು. ಪೂರ್ವ ಏಷ್ಯಾದ ಹಲವರಲ್ಲಿ, ಕುಡಿದ ಕೂಡಲೇ ಮುಖ ಕೆಂಪಾಗಿ ಎದೆ ಡವಗುಟ್ಟುವಂತೆ ಮಾಡುವ ಜೀನ್ ಇದೆ. ಅಂಥವರು ಸಹಜವಾಗಿಯೇ ಕಡಿಮೆ ಕುಡಿಯುತ್ತಾರೆ. ಜೀನಿನ ಆಧಾರದ ಮೇಲೆ ಜನರನ್ನು ಹೋಲಿಸಿದಾಗ ರಕ್ತದೊತ್ತಡವೂ ಪಾರ್ಶ್ವವಾಯುವಿನ ಅಪಾಯವೂ ಕುಡಿತದ ಜೊತೆ ಒಂದೇ ಸಮನೆ ಏರಿದವು, ಮಿತಪಾನದ ರಕ್ಷಣೆ ಕಾಣಲಿಲ್ಲ. ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿತ್ತು. ಆರೋಗ್ಯಕ್ಕೆ ಸುರಕ್ಷಿತವಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿತು.

ಈ ಬೆಳಕಿನಲ್ಲಿ ನಮ್ಮ ಕಡೆ ನೋಡೋಣ. 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಅಂದರೆ ಕುಡಿತದ ಪೆಟ್ಟು ತಿನ್ನುವ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನ ತಾವು ಕುಡಿದವರೇ ಅಲ್ಲ. ಇನ್ನು ಇಲ್ಲಿ ಕುಡಿಯುವ ಬಗೆ. ಕರ್ನಾಟಕದ ಬಾರುಗಳಲ್ಲಿ ಕೂಲಿಕಾರರ ಕೈಗೆ ಸಿಗುವ 90 ಮಿಲಿಯ ವಿಸ್ಕಿಯ ಟೆಟ್ರಾ ಪ್ಯಾಕನ್ನೇ ತೆಗೆದುಕೊಳ್ಳಿ. ಶೇ. 42.8 ಕಡುಪಿನ ಈ ವಿಸ್ಕಿಯಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಒಂದೇ ಸಲಕ್ಕೆ 60 ಗ್ರಾಂ ಒಳಹೋದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವಿಪರೀತ ಕುಡಿತವೆಂದು ಲೆಕ್ಕ ಹಾಕುತ್ತದೆ. ಎರಡು ಪ್ಯಾಕೆಟ್ ಮುಗಿದರೆ ಆ ಗೆರೆ ಮುಟ್ಟಿದಂತೆಯೇ. 2007ರ ಜುಲೈ 1ರಿಂದ ರಾಜ್ಯ ಸಾರಾಯಿಯನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದದ್ದು ಈ ಅಗ್ಗದ ವಿಸ್ಕಿ. ಎರಡರ ಮೂಲವೂ ಬಹುತೇಕ ಕಬ್ಬಿನ ಕಾಕಂಬಿಯೇ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ಗಡಿಯಾಚೆಯ ತಮಿಳುನಾಡಿನಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಒಂದು ಪಾನೀಯವನ್ನು ಹೊರಗಟ್ಟಿದ ಮಾತ್ರಕ್ಕೆ ಹಾನಿ ಹೊರಟುಹೋಗುವುದಿಲ್ಲ.

ಹಾಗಾದರೆ ಎಲ್ಲವನ್ನೂ ನಿಷೇಧಿಸಿದರೆ? ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಸಂವಿಧಾನದ 47ನೇ ವಿಧಿ ಅದನ್ನೇ ಹೇಳುತ್ತದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದ ಸಾವಿರಾರು ಮಹಿಳೆಯರು ಕೇಳಿದ್ದೂ ಅದನ್ನೇ. 2016ರಿಂದ ನಿಷೇಧವಿರುವ ಬಿಹಾರದಲ್ಲಿ ಪದೇ ಪದೇ ಕುಡಿಯುವುದೂ ಹೆಂಡತಿಯ ಮೇಲಿನ ಹಿಂಸೆಯೂ ಇಳಿದವೆಂದು ಕುಟುಂಬ ಆರೋಗ್ಯ ಸಮೀಕ್ಷೆಗಳನ್ನು ಆಧರಿಸಿದ 2024ರ ಅಧ್ಯಯನವೊಂದು ಹೇಳಿದೆ. ಇದನ್ನು ಒಪ್ಪಲೇಬೇಕು. ಅದೇ ಬಿಹಾರದ ಸಾರಣ ಜಿಲ್ಲೆಯಲ್ಲಿ 2022ರ ಡಿಸೆಂಬರಿನಲ್ಲಿ ವಿಷಮದ್ಯಕ್ಕೆ ಹತ್ತಾರು ಜನ ಬಲಿಯಾದದ್ದನ್ನೂ ಒಪ್ಪಬೇಕು. ಕಳ್ಳಭಟ್ಟಿಗೆ ಬೆರೆಸುವ ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಕೇಸಿನ ಭಯಕ್ಕೆ ಆಸ್ಪತ್ರೆಗೆ ತಡವಾಗಿ ಬರುವವನಿಗೆ ಚಿಕಿತ್ಸೆಯೂ ತಡವಾಗುತ್ತದೆ. ಬಿಹಾರದ ಲಾಭ ಬಂದದ್ದು ಮದ್ಯ ಸಿಗುವುದು ಕಷ್ಟವಾದ್ದರಿಂದ. ಪೂರ್ತಿ ನಿಷೇಧದ ಬೆಲೆ ತೆರದೆಯೂ ಆ ಲಾಭದ ದೊಡ್ಡ ಪಾಲನ್ನು ಪಡೆಯಬಹುದು: ಅಂಗಡಿಗಳ ಸಂಖ್ಯೆ, ತೆರೆದಿರುವ ಹೊತ್ತು, ಬೆಲೆ ಈ ಮೂರನ್ನೂ ಬಿಗಿಗೊಳಿಸಿದರೆ.

ಬೆಲೆ ಏರಿಸಿದರೆ ಬಡವನಿಗೇ ಬರೆ, ಅವನು ಕಳ್ಳಭಟ್ಟಿಗೆ ಹೋಗುತ್ತಾನೆ ಎನ್ನುವವರಿದ್ದಾರೆ. ಭಯ ನಿಜವೇ, ಅದಕ್ಕೇ ಕಳ್ಳಭಟ್ಟಿಯ ಮೇಲೆ ಕಾವಲು ಇಲ್ಲದೆ ಬೆಲೆ ಏರಿಸುವುದು ಜಾಣತನವಲ್ಲ. ಆದರೆ ಸ್ಕಾಟ್ಲೆಂಡ್ 2018ರಲ್ಲಿ ಆಲ್ಕೊಹಾಲಿನ ಪ್ರಮಾಣಕ್ಕೆ ತಕ್ಕಂತೆ ಕನಿಷ್ಠ ಬೆಲೆ ಗೊತ್ತುಮಾಡಿತು. ಅದಿಲ್ಲದಿದ್ದರೆ ಆಗಬಹುದಾಗಿದ್ದುದಕ್ಕಿಂತ ಮದ್ಯದಿಂದಲೇ ಆಗುವ ಸಾವುಗಳು ಶೇ. 13ರಷ್ಟು ಕಡಿಮೆಯಾದವೆಂದು ಅಲ್ಲಿನ ಮೌಲ್ಯಮಾಪನ ಹೇಳಿತು. ಹೀಗೆ ಉಳಿದ ಜೀವಗಳಲ್ಲಿ ಹೆಚ್ಚಿನವು ಬಡ ಬಡಾವಣೆಗಳವೇ. ಚಟಕ್ಕೆ ಸಿಕ್ಕವರನ್ನು ಹಾಗೇ ಬಿಡಬೇಕೆಂದೂ ಇದರ ಅರ್ಥವಲ್ಲ. 2019ರ ಅದೇ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಮದ್ಯದ ಅವಲಂಬನೆಯಿದ್ದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಹಾನಿಕರವಾಗಿ ಕುಡಿಯುತ್ತಿದ್ದರೂ ಇನ್ನೂ ಆ ಹಂತ ಮುಟ್ಟದವರಿಗೆ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸ್ಥಳೀಯ ಸಲಹೆಗಾರರು ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿದರು. ಮೂರು ತಿಂಗಳ ನಂತರ ಆ ಗುಂಪಿನಲ್ಲಿ ಶೇ. 36 ಮಂದಿ ಅಪಾಯದ ಮಟ್ಟದಿಂದ ಕೆಳಗಿಳಿದಿದ್ದರು, ಸಲಹೆ ಸಿಗದವರಲ್ಲಿ ಶೇ. 26. ಇಂಥದ್ದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ.

ಉಳಿಯುವುದು ಖಜಾನೆಯ ತಕರಾರು. 2025–26ಕ್ಕೆ ಕರ್ನಾಟಕ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಆ ಹಣವಿಲ್ಲದೆ ಸರ್ಕಾರ ನಡೆಯದು ಎಂಬ ವಾದ ಬಲವಾದದ್ದೇ, ಆದರೆ ಅದು ಅರ್ಧ ಲೆಕ್ಕ. ಚಿಕಿತ್ಸೆ, ಅಪಘಾತ, ಕಳೆದ ಕೂಲಿಯ ದಿನಗಳನ್ನೂ ಸೇರಿಸಿ ನಿಮ್ಹಾನ್ಸ್‌ನ ಸಂಶೋಧಕರು ಹಿಂದೆಯೇ ಅಂದಾಜು ಹಾಕಿದಾಗ ಕರ್ನಾಟಕದ ನಷ್ಟವೇ ಅಬಕಾರಿ ಆದಾಯವನ್ನು ಮೀರಿತ್ತು. ಮೇಲಾಗಿ ಬೆಲೆ ಏರಿದಷ್ಟೇ ಪ್ರಮಾಣದಲ್ಲಿ ಕುಡಿತ ಇಳಿಯುವುದಿಲ್ಲ, ಅದಕ್ಕಿಂತ ಕಡಿಮೆ ಇಳಿಯುತ್ತದೆ. ಹಾಗಾಗಿ ತೆರಿಗೆಯನ್ನು ಆಲ್ಕೊಹಾಲಿನ ಪ್ರಮಾಣಕ್ಕೆ ಕಟ್ಟಿ ಏರಿಸಿದರೆ ಆದಾಯವನ್ನು ಉಳಿಸಿಕೊಂಡೇ ಮಾರಾಟವಾಗುವ ಲೀಟರುಗಳನ್ನು ತಗ್ಗಿಸಲು ಸಾಧ್ಯ. ಪ್ರತಿ ಬಜೆಟ್ಟಿನಲ್ಲೂ ಅಬಕಾರಿಗೆ ರೂಪಾಯಿಯ ಗುರಿ ಇಡುವ ಸರ್ಕಾರ, ಅದರ ಪಕ್ಕದಲ್ಲೇ ಶುದ್ಧ ಆಲ್ಕೊಹಾಲಿನ ಲೀಟರುಗಳಲ್ಲಿ ಇಳಿಕೆಯ ಗುರಿಯನ್ನೂ ಇಡಲಿ. ತನ್ನ ನೀತಿ ಯಾರಿಗಾಗಿ ಎಂಬುದಕ್ಕೆ ಆಗ ಅದು ಲೆಕ್ಕ ಕೊಡಬೇಕಾಗುತ್ತದೆ.