ಅಮೃತಮಹಲ್ ಎತ್ತಿನ ಕಾಲು, ನಮ್ಮಜ್ಜನ ಕಾಲು

ನಾನು ಬಿ.ಕಾಂ ಓದಿದವನು, ಜೀವಶಾಸ್ತ್ರ ಎಸ್ಸೆಸ್ಸೆಲ್ಸಿಗೇ ಮುಗೀತು. ಆದರೂ ಇವತ್ತಿನ ಸಂಚಿಕೆ ಸ್ನಾಯುವಿನ ಬಗ್ಗೆ. ಕಾರಣ ನಮ್ಮಜ್ಜ. ಹೊಸದುರ್ಗ ತಾಲ್ಲೂಕಿನ ನಮ್ಮೂರಲ್ಲಿ ಕಳೆದ ವರ್ಷ ಜಾರಿ ಬಿದ್ದು ತೊಡೆ ಮೂಳೆ ಮುರಕೊಂಡರು. ಚಿತ್ರದುರ್ಗದಲ್ಲಿ ಆಪರೇಷನ್ ಆಯ್ತು, ಮೂಳೆ ಕೂಡ್ತು. ಮೂರು ತಿಂಗಳು ಮಲಗಿ ಎದ್ದಾಗ ಆ ಕಾಲು ಕೋಲಿನ ಹಾಗಿತ್ತು. "ಎತ್ತನ್ನ ಮೂರು ತಿಂಗಳು ಕೊಟ್ಟಿಗೇಲಿ ಕಟ್ಟಿಹಾಕಿದ್ರೆ ಇನ್ನೇನಾಗುತ್ತೆ ಕಣೋ" ಅಂದರು ಅಜ್ಜ.

ಅಜ್ಜನ ಬಾಯಲ್ಲಿ ಎತ್ತು ಅಂದರೆ ಅಮೃತಮಹಲ್. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಇಟ್ಟ ಹೆಸರದು. 1781ರಲ್ಲಿ ಹೈದರಾಲಿಯ ಸೈನ್ಯ ಚಿದಂಬರಂ ಉಳಿಸಿಕೊಳ್ಳಲು ಎರಡೂವರೆ ದಿನದಲ್ಲಿ 100 ಮೈಲಿ ಸಾಗಿತು. ಅದು ಈ ಎತ್ತುಗಳಿಂದಲೇ ಆಯ್ತು ಅಂತ ಬ್ರಿಟಿಷರೇ ಬರೆದಿಟ್ಟಿದ್ದಾರೆ. ಅದೇ ಬ್ರಿಟಿಷರು 1860ರಲ್ಲಿ ಖರ್ಚು ಉಳಿಸೋಕೆ ಹಿಂಡನ್ನು ಮಾರಿದರು. ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯ್ತು.

ಆ ಕಾಲಿನಲ್ಲಿ ಅಂಥದ್ದೇನಿತ್ತು? ಸ್ನಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆಯ ಎಳೆಗಳಿವೆ. ನಿಧಾನದ ಎಳೆ ಕೆಂಪಗಿರುತ್ತೆ, ಗಂಟೆಗಟ್ಟಲೆ ದಣಿಯದೆ ದುಡಿಯುತ್ತೆ. ವೇಗದ ಎಳೆ ಒಮ್ಮೆಗೇ ಜೋರು ಹಾಕುತ್ತೆ, ಬೇಗ ಸುಸ್ತಾಗುತ್ತೆ. ವೇಗವೂ ತಾಳಿಕೆಯೂ ಎರಡೂ ಇರುವ ನಡುವಿನ ಬಗೆ ಒಂದಿದೆ. 1873ರಲ್ಲಿ ಫ್ರಾನ್ಸಿನ ರಾನ್ವಿಯೆ ಮೊಲದ ಕಾಲಿನಲ್ಲಿ ಕೆಂಪು ಸ್ನಾಯು ನಿಧಾನ, ಬಿಳಿ ಸ್ನಾಯು ಚುರುಕು ಅಂತ ತೋರಿಸಿದರು. ದಿನವಿಡೀ ಫಿರಂಗಿ ಎಳೆಯೋ ಎತ್ತಿಗೆ ಬೇಕಾದ್ದು ತಾಳಿಕೆಯ ಎಳೆಗಳು.

ಇವು ರೂಪುಗೊಳ್ಳೋದು ತಾಯಿಯ ಹೊಟ್ಟೆಯಲ್ಲೇ. ಕರುವಿನ ಎಳೆಗಳ ಸಂಖ್ಯೆ ಗರ್ಭದ ಸುಮಾರು 180ನೇ ದಿನಕ್ಕೆ ನಿಂತುಬಿಡುತ್ತೆ. ಆಮೇಲೆ ಎಳೆ ದಪ್ಪ ಆಗುತ್ತೆ, ಉದ್ದ ಆಗುತ್ತೆ ಅಷ್ಟೇ. ಹಾಗಾಗಿ ಗಬ್ಬದ ಹಸು ಏನು ಮೇಯ್ತು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು ಇಟ್ಟವರು ಈ ವಿಜ್ಞಾನ ಓದಿರಲಿಲ್ಲ, ದನ ನೋಡಿದ್ದರು.

ಹುಟ್ಟಿದ ಮೇಲೂ ಎಳೆಯ ಗುಣ ಕಲ್ಲಲ್ಲಿ ಕೊರೆದದ್ದಲ್ಲ. 1960ರಲ್ಲಿ ಆಸ್ಟ್ರೇಲಿಯಾದಲ್ಲಿ ಜಾನ್ ಎಕಲ್ಸ್ ಮತ್ತು ಸಂಗಡಿಗರು ಬೆಕ್ಕಿನ ಕಾಲಿನ ಎರಡು ಬಗೆಯ ಸ್ನಾಯುಗಳ ನರಗಳನ್ನು ಅದಲುಬದಲು ಮಾಡಿದರು. ನಿಧಾನದ್ದು ಚುರುಕಾಯ್ತು, ಚುರುಕಿನದು ನಿಧಾನವಾಯ್ತು. ಮರುವರ್ಷ ಅಮೆರಿಕದ ಅಲೆಕ್ಸಾಂಡರ್ ಮೌರೊ ಕಪ್ಪೆಯ ಸ್ನಾಯುವಿನಲ್ಲಿ, ಎಳೆಗೆ ಅಂಟಿಕೊಂಡು ಸುಮ್ಮನೆ ಮಲಗಿರುವ ಪುಟ್ಟ ಕೋಶಗಳನ್ನು ಗುರುತಿಸಿದರು. ಹೆಸರು ಸ್ಯಾಟಲೈಟ್ ಕೋಶ. ಎಳೆ ಹರಿದಾಗ ಇವು ಎಚ್ಚರಾಗಿ, ಸಂಖ್ಯೆ ಹೆಚ್ಚಿಸಿಕೊಂಡು, ಒಂದಕ್ಕೊಂದು ಬೆಸೆದು ಹೊಸ ಎಳೆ ಕಟ್ಟುತ್ತವೆ. ಹೊಸ ಎಳೆ ವೇಗದ್ದೋ ನಿಧಾನದ್ದೋ ಅನ್ನೋದರಲ್ಲಿ ನರದ ಮಾತು, ಮಾಡೋ ಕೆಲಸ ಎರಡೂ ನಡೆಯುತ್ತವೆ.

ಅಜ್ಜನ ಕಾಲು ಹರಿದಿರಲಿಲ್ಲ, ಸೊರಗಿತ್ತು. ವಯಸ್ಸಾದಾಗ ಹೆಚ್ಚು ಸೊರಗೋದು ವೇಗದ ಎಳೆ. ಎಡವಿದಾಗ ತಟ್ಟನೆ ಕಾಲು ಊರಿ ಬೀಳದ ಹಾಗೆ ಹಿಡಿಯೋದು ಅದೇ. ಅದಕ್ಕೇ ಹಿರಿಯೂರಿನ ಫಿಸಿಯೋಥೆರಪಿ ಹುಡುಗ ಬರೀ ನಡೆಸಲಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರಿಸಿದ, ದಿನಾ. ಮೊದಲ ವಾರ ಎರಡು ಸಲಕ್ಕೇ ಬೈಗುಳ. ಐದು ತಿಂಗಳಾದ ಮೇಲೆ ಅಜ್ಜ ಕೋಲು ಹಿಡಿದು ತೋಟದ ತನಕ ಹೋಗಿಬಂದರು. ತೊಡೆ ಮೊದಲಿನಷ್ಟು ದಪ್ಪ ಆಗಿಲ್ಲ. ಆದರೆ ಮತ್ತೆ ಬಿದ್ದಿಲ್ಲ.

ಹೊಳಲ್ಕೆರೆ ತಾಲ್ಲೂಕಿನ ಚಿಕ್ಕ ಎಮ್ಮಿಗನೂರಿನಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆ. ಅತ್ತ ಚಳ್ಳಕೆರೆ ಕಡೆ ಸಾವಿರಾರು ಎಕರೆ ಕಾವಲು ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯ್ತು. ಸಂಸ್ಥೆ ಬೇಡ ಅಂತಲ್ಲ. ಆದರೆ 1860ರ ಲೆಕ್ಕ ನೆನಪಿರಲಿ: ಅವತ್ತು ದನ ಮಾರಿದರೂ ಮತ್ತೆ ಹಿಂಡು ಕಟ್ಟೋಕಾಯ್ತು. ಹುಲ್ಲುಗಾವಲೇ ಹೋದರೆ ಅಂಥ ಕಾಲು ಬೆಳೆಯೋ ಜಾಗವೇ ಹೋದಂಗೆ.

ನಿಮ್ಮ ಮನೆಯ ಹಿರಿಯರು ಹಾಸಿಗೆ ಹಿಡಿದಿದ್ದರೆ, ಡಾಕ್ಟರ್ ಹೂಂ ಅಂದ ದಿನವೇ ಎಬ್ಬಿಸಿ ನಿಲ್ಲಿಸಿ. ಮುಂದಿನ ಸಂಚಿಕೇಲಿ ಸಿಗೋಣ.