ವೆಬ್‌ಸೈಟ್ ಓಪನ್ ಆಗುತ್ತೆ, ಬಟನ್ ಕೆಲಸ ಮಾಡಲ್ಲ: ಏನಿದು ಜಾವಾಸ್ಕ್ರಿಪ್ಟ್ ಕಾಟ?

ಅರ್ಜಿ ತುಂಬಿ 'ಸಲ್ಲಿಸಿ' ಒತ್ತಿದರೂ ಏನೂ ಆಗುವುದಿಲ್ಲ. ಇಲ್ಲವೇ ಬಿಳಿ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಸರ್ವರ್ ಡೌನ್ ಅಂತ ಜನ ವಾಪಸ್ ಹೋಗ್ತಾರೆ. ಎಷ್ಟೋ ಸಲ ಸರ್ವರ್ ಸರಿಯಾಗೇ ಇರುತ್ತದೆ, ಕೈಕೊಟ್ಟಿದ್ದು ಜಾವಾಸ್ಕ್ರಿಪ್ಟ್.

ವೆಬ್‌ಪುಟದ ಅಕ್ಷರ, ಲಿಂಕ್, ಫಾರ್ಮ್ ಎಲ್ಲ ಎಚ್‌ಟಿಎಂಎಲ್. ಬಣ್ಣ, ಅಂದ ಸಿಎಸ್‌ಎಸ್. ಜಾವಾಸ್ಕ್ರಿಪ್ಟ್ ಅಂದರೆ ಸರ್ವರ್‌ನಿಂದ ಇಳಿದು ನೋಡುವವರ ಮೊಬೈಲ್‌ನಲ್ಲೇ ಓಡುವ ಪ್ರೋಗ್ರಾಮ್. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಸುಮಾರು 10 ದಿನದಲ್ಲಿ ಬರೆದರು. ಎಚ್‌ಟಿಎಂಎಲ್‌ನಲ್ಲಿ ಸಣ್ಣಪುಟ್ಟ ತಪ್ಪಿದ್ದರೆ ಬ್ರೌಸರ್ ಹೇಗೋ ಹೊಂದಿಸಿಕೊಂಡು ಪುಟ ತೋರಿಸುತ್ತದೆ. ಸ್ಕ್ರಿಪ್ಟ್ ಹಾಗಲ್ಲ. ಡೌನ್‌ಲೋಡ್ ಅರ್ಧಕ್ಕೆ ನಿಂತರೆ, ಹಳೇ ಬ್ರೌಸರ್‌ಗೆ ಅರ್ಥವಾಗದ ಒಂದು ಚಿಹ್ನೆ ಸಿಕ್ಕರೆ ಆ ಫೈಲ್ ಪೂರ್ತಿ ಓಡುವುದೇ ಇಲ್ಲ.

ಬೇಕಂತಲೇ ಸ್ಕ್ರಿಪ್ಟ್ ಆಫ್ ಮಾಡಿಟ್ಟುಕೊಂಡ ನಾಲ್ಕು ಜನರಿಗಷ್ಟೇ ಈ ತೊಂದರೆ ಅಂತ ವೆಬ್‌ಸೈಟ್ ಮಾಡುವವರು ವಾದಿಸುವುದುಂಟು. ಬ್ರಿಟನ್ ಸರ್ಕಾರ 2013ರಲ್ಲಿ ತನ್ನ ಗೌವ್ ಡಾಟ್ ಯುಕೆ ಸೈಟ್‌ನಲ್ಲೇ ಇದನ್ನು ಲೆಕ್ಕ ಹಾಕಿತು. ಸ್ಕ್ರಿಪ್ಟ್ ಓಡದೇ ಹೋದವರು ಶೇ 1.1. ಅವರಲ್ಲಿ ಆಫ್ ಮಾಡಿಕೊಂಡವರು, ಸ್ಕ್ರಿಪ್ಟ್ ಓಡಿಸಲಾಗದ ಬ್ರೌಸರ್‌ನವರು ಸೇರಿ ಬರೀ ಶೇ 0.2. ಉಳಿದ ಶೇ 0.9 ಮಂದಿಯ ಬ್ರೌಸರ್‌ಗೆ ಸ್ಕ್ರಿಪ್ಟ್ ಬರುತ್ತಿತ್ತು, ಆದರೂ ಓಡಲಿಲ್ಲ. ದಿನಕ್ಕೆ ಲಕ್ಷ ಜನ ಬರುವ ಸೈಟ್ ಆದರೆ ಶೇ 1.1 ಅಂದರೆ 1,100 ಜನ, ಕಡಿಮೆಯೇನಲ್ಲ. ಅಮೆರಿಕದ ಗಾಕರ್ ಸುದ್ದಿತಾಣಗಳು 2011ರ ಫೆಬ್ರುವರಿಯಲ್ಲಿ ಸುದ್ದಿಯನ್ನೂ ಸ್ಕ್ರಿಪ್ಟ್ ಮೂಲಕವೇ ತರಿಸುವ ಹೊಸ ವಿನ್ಯಾಸಕ್ಕೆ ಬದಲಾದವು. ಸ್ಕ್ರಿಪ್ಟ್ ಕೆಟ್ಟಾಗ ಓದಲು ಏನೂ ಉಳಿಯಲಿಲ್ಲ.

ಹಾಗಂತ ಸ್ಕ್ರಿಪ್ಟೇ ಬೇಡ ಅಂತಲ್ಲ. ವಿಡಿಯೋ ಕಾಲ್‌ಗೆ, ಎಳೆದು ನೋಡುವ ನಕ್ಷೆಗೆ ಅದು ಬೇಕೇ ಬೇಕು. ಆದರೆ ಅಂಗಡಿಯ ದರಪಟ್ಟಿ, ಫೋನ್ ನಂಬರ್ ತೋರಿಸಲು, ಸಾದಾ ಅರ್ಜಿ ಕಳಿಸಲು ಎಚ್‌ಟಿಎಂಎಲ್ ಒಂದೇ ಸಾಕು. ಮೊದಲು ಅದರಲ್ಲಿ ಕೆಲಸ ಆಗುವಂತೆ ಮಾಡಿ, ಆಮೇಲೆ ಅನುಕೂಲಕ್ಕೆ ಸ್ಕ್ರಿಪ್ಟ್ ಸೇರಿಸುವ ಪದ್ಧತಿ ಹಿಂದಿನಿಂದಲೂ ಇದೆ.

ಅಂಗಡಿಗೆ ವೆಬ್‌ಸೈಟ್ ಮಾಡಿಸುತ್ತಿರುವವರು ಮೊಬೈಲ್‌ನಲ್ಲೇ ಪರೀಕ್ಷೆ ಮಾಡಬಹುದು. ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಸೈಟ್ ಸೆಟ್ಟಿಂಗ್ಸ್ ಒಳಗೆ ಜಾವಾಸ್ಕ್ರಿಪ್ಟ್ ಆಫ್ ಮಾಡಿ ಸೈಟ್ ತೆರೆಯಬೇಕು. ದರ, ನಂಬರ್, ವಿಳಾಸ ಕಾಣದಿದ್ದರೆ ಬಾಕಿ ದುಡ್ಡು ಕೊಡುವ ಮೊದಲೇ ಕೇಳುವುದು ಒಳ್ಳೇದು. ನೋಡಿದ ಮೇಲೆ ಮತ್ತೆ ಆನ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಬೇರೆ ಎಷ್ಟೋ ಸೈಟ್ ನಡೆಯಲ್ಲ.